ಅಂಗವೈಕಲ್ಯ, ವಿಶ್ವವಿದ್ಯಾಲಯ, ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಎಂ.ಎ. ಮುಗಿಸಿದ ಮೇಲೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲೆಯಲ್ಲಿ ಕೂತು, ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ಪಾಠ ಸಿದ್ಧಮಾಡಿ ಕೊಡುವ ಕೆಲಸ ಮಾಡುತ್ತಿದ್ದೇನೆ. ನಾಲ್ಕು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಹಳೇ ಬ್ರೈಲ್ ಪ್ರಿಂಟರ್, ಇಷ್ಟೇ ನಮ್ಮ ಆಸ್ತಿ. ಜೂನ್ ಬಂತೆಂದರೆ ಫೋನ್ ಸುಮ್ಮನಿರುವುದಿಲ್ಲ. ಅಪ್ಪ ಅಮ್ಮಂದಿರು ಮಾಡುತ್ತಾರೆ, ಮಕ್ಕಳು ಮಾಡುತ್ತಾರೆ, ಕೆಲವೊಮ್ಮೆ ಮೇಷ್ಟ್ರುಗಳೂ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದದ್ದು

"ನಮ್ಮ ಮಗಳಿಗೆ ಕಣ್ಣು ಕಾಣಲ್ಲ ಸಾರ್. ಕಂಪ್ಯೂಟರ್ ಕೊಡಿಸಿ ಅಂತೀರಾ, ಅದನ್ನ ಹೇಗೆ ನೋಡ್ತಾಳೆ?"

ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾಳೆ. ಸ್ಕ್ರೀನ್ ರೀಡರ್ ಅನ್ನುವ ತಂತ್ರಾಂಶ ಪರದೆಯ ಮೇಲೆ ಇರುವುದನ್ನೆಲ್ಲ ಓದಿ ಹೇಳುತ್ತದೆ. ಮೌಸ್ ಬೇಕಿಲ್ಲ, ಎಲ್ಲ ಕೀಬೋರ್ಡಿನಲ್ಲೇ. ಎಚ್ ಒತ್ತಿದರೆ ಪುಟದ ಮುಂದಿನ ತಲೆಬರಹಕ್ಕೆ ಹಾರುತ್ತದೆ. ಟ್ಯಾಬ್ ಒತ್ತಿದರೆ ಮುಂದಿನ ಲಿಂಕ್ ಅಥವಾ ಬಟನ್. ಮಾತು ಸಾಕು ಅನಿಸಿದರೆ ಕಂಟ್ರೋಲ್ ಒತ್ತಿದರಾಯಿತು, ಬಾಯಿ ಮುಚ್ಚುತ್ತದೆ.

ಮೊದಲ ವಾರ ಮಕ್ಕಳು ನಿಧಾನಕ್ಕೆ ಕೇಳುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ವೇಗ ಹೆಚ್ಚಿಸಿಕೊಂಡಿರುತ್ತಾರೆ. ನಾನು ಕೇಳುವ ವೇಗದಲ್ಲಿ ಪಕ್ಕದವರಿಗೆ ಅದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆಯಂತೆ.

"ಇದೆಲ್ಲ ಪೂರ್ತಿ ಕುರುಡು, ಕಿವುಡು ಇದ್ದವರಿಗಷ್ಟೇನಾ?"

ಅಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅಕ್ಷರ ಕಲಸಿಹೋಗುವ ಡಿಸ್ಲೆಕ್ಸಿಯಾ, ಆಟಿಸಂ, ಸ್ನಾಯು ಕ್ಷೀಣತೆ, ಮಾನಸಿಕ ಕಾಯಿಲೆ, ಆಸಿಡ್ ದಾಳಿಗೆ ಒಳಗಾದವರು, ಥಲಸ್ಸೇಮಿಯಾ, ಪಾರ್ಕಿನ್ಸನ್ಸ್ ಎಲ್ಲ ಪಟ್ಟಿಯಲ್ಲಿವೆ. ಸೀಟು ಮೀಸಲಾತಿಗೆ ಅಂಗವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು ಮೀಸಲು, ವಯಸ್ಸಿನ ಮಿತಿಯಲ್ಲಿ 5 ವರ್ಷ ಸಡಿಲಿಕೆ.

ನಮ್ಮ ಮೂಲೆಗೆ ಬರುವವರಲ್ಲಿ ಸುಮಾರು ಜನ ಚೆನ್ನಾಗಿ ಕಣ್ಣು ಕಾಣುವ ಹುಡುಗರೇ. ಓದಲು ಕೂತರೆ ಸಾಲು ತಪ್ಪುತ್ತದೆ, ಅಷ್ಟೇ. ಅವರಿಗೆ ಎಡ್ಜ್ ಬ್ರೌಸರಿನಲ್ಲಿರುವ ಗಟ್ಟಿಯಾಗಿ ಓದುವ ಸೌಲಭ್ಯ ತೋರಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಪಾಪ, ಇಷ್ಟು ವರ್ಷ ದಡ್ಡ ಅನ್ನಿಸಿಕೊಂಡು ಬಂದಿರುತ್ತಾರೆ.

"ಅಂಗವಿಕಲ ಅನ್ನಬೇಕಾ, ವಿಕಲಚೇತನ ಅನ್ನಬೇಕಾ, ದಿವ್ಯಾಂಗ ಅನ್ನಬೇಕಾ?"

ಅರ್ಜಿಯಲ್ಲಿ ಅಚ್ಚಾಗಿರುವ ಪದವನ್ನೇ ಬರೆಯಿರಿ, ಗುಮಾಸ್ತರಿಗೆ ಗೊಂದಲ ಆಗಲ್ಲ. ಕರ್ನಾಟಕದ ಇಲಾಖೆ ವಿಕಲಚೇತನ ಅನ್ನುತ್ತದೆ, ಕೇಂದ್ರದವರು ದಿವ್ಯಾಂಗ ಅನ್ನುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆದರೆ ಸಾಕು.

"ಸೀಟು ಸಿಕ್ಕಿತು. ಮೊದಲ ದಿನ ಯಾರನ್ನ ಹೋಗಿ ನೋಡಬೇಕು?"

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸಮಾನ ಅವಕಾಶ ಕೋಶ ಅಂತ ಇರುತ್ತದೆ. ಕೆಲವು ಕಡೆ ಬೋರ್ಡ್ ಮಾತ್ರ ಇರುತ್ತದೆ, ಬಾಗಿಲು ಹಾಕಿರುತ್ತದೆ. ಹಾಗಿದ್ದರೆ ಮೂರು ಜನರನ್ನು ನೋಡಿ: ನಿಮ್ಮ ವಿಭಾಗದ ಮುಖ್ಯಸ್ಥರು, ಗ್ರಂಥಪಾಲಕರು, ಪರೀಕ್ಷೆಗೆ ಸಂಬಂಧಪಟ್ಟಂತೆ ಕುಲಸಚಿವರು (ಮೌಲ್ಯಮಾಪನ) ಕಚೇರಿ. ಕಾಲೇಜಾದರೆ ಪ್ರಾಂಶುಪಾಲರು.

ಗ್ರಂಥಪಾಲಕರನ್ನು ಮರೆಯಬೇಡಿ. ನನ್ನ ಅನುಭವದಲ್ಲಿ ಕೆಲಸ ಬೇಗ ಆಗುವುದು ಅಲ್ಲೇ. ಅವರ ಬಳಿ ಸ್ಕ್ಯಾನರ್ ಇರುತ್ತದೆ, ಪುಸ್ತಕ ಇರುತ್ತದೆ, ಕೂರಲು ಜಾಗವೂ ಇರುತ್ತದೆ.

"ಅರ್ಜೀಲಿ ಏನಂತ ಬರೀಬೇಕು? ಸಹಾಯ ಮಾಡಿ ಅಂದ್ರೆ ಸಾಕಾ?"

ಸಾಲದು. "ಅಗತ್ಯ ನೆರವು ನೀಡಬೇಕಾಗಿ ವಿನಂತಿ" ಅಂತ ಬರೆದರೆ "ಆಗಲಿ ನೋಡೋಣ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಏನು, ಯಾವ ರೂಪದಲ್ಲಿ, ಯಾವಾಗ, ಈ ಮೂರೂ ಇರಲಿ. ನಾವು ಮಕ್ಕಳಿಗೆ ಬರೆಸುವುದು ಹೀಗೆ (ಇದರಲ್ಲಿ ಬರುವ ಯೂನಿಕೋಡ್ ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಪದ್ಧತಿ):

"ನನಗೆ ಮುದ್ರಿತ ಅಕ್ಷರ ಓದಲು ಆಗುವುದಿಲ್ಲ. ಈ ಸೆಮಿಸ್ಟರಿನ 5 ಪತ್ರಿಕೆಗಳ ನೋಟ್ಸ್ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ವರ್ಡ್ ಕಡತವಾಗಿ, ತರಗತಿಯಲ್ಲಿ ಕೊಡುವ ದಿನವೇ ನನಗೂ ಬೇಕು. ಪ್ರಯೋಗಾಲಯದ 2 ಕಂಪ್ಯೂಟರುಗಳಲ್ಲಿ ಸ್ಕ್ರೀನ್ ರೀಡರ್ ಹಾಕಿಸಬೇಕು. ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ಅನುಮತಿ ಬೇಕು."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಆ ಕಾಗದವನ್ನೇ.

## ಯಂತ್ರ ಮತ್ತು ದುಡ್ಡು

"ಜಾಸ್ ತಗೊಳ್ಳಲೇಬೇಕಾ? ತುಂಬಾ ರೇಟು ಅಂತಾರೆ."

ಬೇಡ. ಜಾಸ್ ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರ್. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಸಾಕು, ಅದು ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಶುರುಮಾಡಿದ ಮುಕ್ತ ತಂತ್ರಾಂಶ. ಅದರ ಜೊತೆಗೆ ಬರುವ ಇ-ಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ರೋಬೋಟ್ ಥರ ಇರುತ್ತದೆ, ಒಪ್ಪುತ್ತೇನೆ. ಆದರೆ ಒತ್ತಕ್ಷರ ನುಂಗುವುದಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ. ಎನ್‌ವಿಡಿಎಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಅಲ್ಲಿಂದಲೇ ಓಡಿಸಬಹುದು. ಲ್ಯಾಬಿನ ಕಂಪ್ಯೂಟರಿಗೆ ಏನಾದರೂ ಇನ್‌ಸ್ಟಾಲ್ ಮಾಡಬೇಕೆಂದರೆ ಪಾಸ್‌ವರ್ಡ್ ಇರುವವರು ರಜೆಯಲ್ಲಿರುತ್ತಾರೆ, ಇದು ಎಲ್ಲ ಕಡೆ ಇರುವ ಕಥೆ. ಪೆನ್‌ಡ್ರೈವ್ ಇದ್ದರೆ ಅವರಿಗಾಗಿ ಕಾಯಬೇಕಾಗಿಲ್ಲ. ನನ್ನ ಬೀಗದ ಗೊಂಚಲಿನಲ್ಲಿ ಯಾವಾಗಲೂ ಒಂದು ನೇತಾಡುತ್ತಿರುತ್ತದೆ.

ಲಿನಕ್ಸ್ ಇರುವ ಲ್ಯಾಬ್ ಆದರೆ ಆರ್ಕಾ ಅನ್ನುವ ಸ್ಕ್ರೀನ್ ರೀಡರ್ ಇದೆ.

"ಲ್ಯಾಪ್‌ಟಾಪ್ ಯಾರು ಕೊಡ್ತಾರೆ? ಯೂನಿವರ್ಸಿಟೀನಾ?"

ಕಾಯ್ದೆಯಲ್ಲಿ ಪುಸ್ತಕ, ಸಲಕರಣೆ ಉಚಿತವಾಗಿ ಕೊಡಬೇಕೆಂದು ಹೇಳಿರುವುದು 18 ವರ್ಷದವರೆಗೆ. ಡಿಗ್ರಿಗೆ ಬಂದವರಿಗೆ ವಿಶ್ವವಿದ್ಯಾಲಯ ಸ್ವಂತಕ್ಕೆ ಲ್ಯಾಪ್‌ಟಾಪ್ ಕೊಡಲೇಬೇಕು ಅಂತ ಇಲ್ಲ. ಗ್ರಂಥಾಲಯದಲ್ಲಿ, ಲ್ಯಾಬಿನಲ್ಲಿ ಬಳಸಲು ಬರುವಂಥದ್ದು ಇರಬೇಕು, ಅದನ್ನು ಕೇಳಿ ಪಡೆಯಿರಿ.

ಸ್ವಂತಕ್ಕೆ ಬೇಕಿದ್ದರೆ ಬೇರೆ ದಾರಿ. ಕರ್ನಾಟಕದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರು ದೃಷ್ಟಿದೋಷವಿರುವ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇಟ್ಟಿದ್ದಾರೆ. ಕೇಂದ್ರದ ಎಡಿಐಪಿ ಯೋಜನೆಯಲ್ಲೂ ಸಾಧನ ಸಲಕರಣೆ ಸಿಗುತ್ತದೆ. ಅರ್ಜಿ ಯಾವಾಗ ಕರೆದಿದ್ದಾರೆ ಅನ್ನುವುದು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಊರಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿದರೆ ತೋರಿಸುತ್ತಾರೆ. ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ, ಮೊದಲೇ ಮಾಡಿಸಿಟ್ಟುಕೊಳ್ಳಿ, ಅದಿಲ್ಲದೆ ಕಡತ ಮುಂದೆ ಹೋಗುವುದು ಕಷ್ಟ.

"ಮೊಬೈಲ್ ಒಂದೇ ಇರೋದು. ಅದ್ರಲ್ಲೇ ಡಿಗ್ರಿ ಮುಗಿಸಬಹುದಾ?"

ಓದುವುದಕ್ಕೆ ಸಾಕು. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಅನ್ನುವ ಸ್ಕ್ರೀನ್ ರೀಡರ್ ಮೊದಲೇ ಇರುತ್ತದೆ. ಹತ್ತು ಪುಟದ ಅಸೈನ್‌ಮೆಂಟ್ ಬರೆಯಲು ಮಾತ್ರ ಕೈ ಸೋಲುತ್ತದೆ. ಫೋನಿಗೆ ಒಂದು ಸಣ್ಣ ಕೀಬೋರ್ಡ್ ಚುಚ್ಚಿಕೊಂಡರೆ ಬಹಳ ಸಲೀಸು.

"ಇಂಗ್ಲಿಷ್ ಚೆನ್ನಾಗಿ ಓದತ್ತೆ. ಕನ್ನಡದ ಪಿಡಿಎಫ್ ಹಾಕಿದ್ರೆ ಏನೇನೋ ಬಡಬಡಿಸತ್ತೆ. ಕೆಟ್ಟಿದೆಯಾ?"

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಿಮ್ಮ ಯಂತ್ರ ಕೆಟ್ಟಿಲ್ಲ, ಕಡತದ ಹುಟ್ಟೇ ಹಾಗೆ.

ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅಕ್ಷರದ ಮೇಲೆ ಕನ್ನಡದ ಮುಖವಾಡ ಹಾಕಿದ ಹಾಗೆ. ನುಡಿಯಲ್ಲಿ "ಕನ್ನಡ" ಅನ್ನುವ ಮೂರಕ್ಷರದ ಒಳಗೆ ಇರುವುದು ಏನು ಗೊತ್ತಾ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೆ ಗೀಟಿನ ಎ. ಕಣ್ಣಿಗೆ ಕಾಣುವುದು ಮುಖವಾಡ. ಸ್ಕ್ರೀನ್ ರೀಡರಿಗೆ ಕಣ್ಣಿಲ್ಲವಲ್ಲ, ಅದು ಒಳಗಿರುವುದನ್ನೇ ಓದುತ್ತದೆ. ನಾನು ಎಂ.ಎ. ಮೊದಲ ವರ್ಷದಲ್ಲಿ ವಚನ ಸಾಹಿತ್ಯದ ನೋಟ್ಸ್ ತೆರೆದೆ, ಬಸವಣ್ಣನವರ ಬದಲು ಪೌಂಡ್, ಕ್ಯೂ, ಪೌಂಡ್ ಅಂತ ಬಂತು.

ಆ ಫಾಂಟುಗಳನ್ನು ಬೈಯುವುದು ಸರಿಯಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದೇ ಕಷ್ಟವಿದ್ದ ಕಾಲಕ್ಕೆ ಅವು ವರವಾಗಿದ್ದವು. ಎರಡರಲ್ಲೂ ಯೂನಿಕೋಡ್ ಬಂದು ವರ್ಷಗಳೇ ಆದವು. ಅಭ್ಯಾಸ ಮಾತ್ರ ಬದಲಾಗಿಲ್ಲ.

ಪರಿಹಾರ ಇದೆ. ವರ್ಡ್ ಕಡತವೇ ಸಿಕ್ಕರೆ ಉಚಿತ ಪರಿವರ್ತಕಗಳಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕನ್ನಡ ಅಕ್ಷರಗಳಾಗಿ ಕಲಸಿಹೋಗುತ್ತವೆ, ಒಮ್ಮೆ ಕಣ್ಣಾಡಿಸಿ ಸರಿಮಾಡಲು ಯಾರನ್ನಾದರೂ ಕೂರಿಸಿಕೊಳ್ಳಿ. ಪಿಡಿಎಫ್ ಮಾತ್ರ ಇದ್ದರೆ ಅದನ್ನು ಚಿತ್ರ ಅಂತಲೇ ಭಾವಿಸಿ ಓಸಿಆರ್ ಮಾಡುವುದು ಎಷ್ಟೋ ಸಲ ಬೇಗ ಆಗುತ್ತದೆ.

## ಪಾಠ ಮತ್ತು ಪುಸ್ತಕ

"ಓಸಿಆರ್ ಅಂದ್ರಲ್ಲ, ಕನ್ನಡಕ್ಕೆ ಕೆಲಸ ಮಾಡತ್ತಾ?"

ಮಾಡುತ್ತದೆ. ಪುಟದ ಚಿತ್ರವನ್ನು ಅಕ್ಷರವನ್ನಾಗಿ ಬದಲಿಸುವುದಕ್ಕೆ ಓಸಿಆರ್ ಅನ್ನುತ್ತಾರೆ. ಗೂಗಲ್ ಡ್ರೈವಿಗೆ ಚಿತ್ರ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಬರುತ್ತದೆ. ಟೆಸ್ಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ.

ಸ್ಕ್ಯಾನ್ ಚೆನ್ನಾಗಿದ್ದರೆ ಮಾತ್ರ ಫಲ. ಪುಸ್ತಕದ ನಡುವಿನ ಮಡಿಕೆಯಲ್ಲಿ ಬಾಗಿದ ಸಾಲು, ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್, ಪೆನ್ಸಿಲ್ಲಿನಲ್ಲಿ ಗೀಚಿದ ಅಡಿಗೆರೆ, ಇವೆಲ್ಲ ಶತ್ರುಗಳು. ಒತ್ತಕ್ಷರ, ಅರ್ಕಾವತ್ತು ತಪ್ಪುವುದು ಜಾಸ್ತಿ. ಹಳಗನ್ನಡ ಪಠ್ಯವಾದರೆ ಸುಮ್ನೆ ಕೂತು ಟೈಪ್ ಮಾಡಿಸುವುದೇ ಲೇಸು. ಪಂಪನನ್ನು ಓಸಿಆರಿಗೆ ಒಪ್ಪಿಸಿ ನಾನು ಒಂದು ವಾರ ಕಳೆದುಕೊಂಡಿದ್ದೇನೆ.

"ಇಡೀ ಪುಸ್ತಕ ಸ್ಕ್ಯಾನ್ ಮಾಡಿದ್ರೆ ಕಾಪಿರೈಟ್ ಕೇಸ್ ಹಾಕಲ್ವಾ?"

ಅಂಗವೈಕಲ್ಯವಿರುವವರ ಓದಿಗಾಗಿ ಆದರೆ ಕಾನೂನು ನಿಮ್ಮ ಜೊತೆ ಇದೆ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ ಈ ವಿನಾಯಿತಿ ಸೇರಿಸಿದರು. ಅವರು ಓದಬಲ್ಲ ರೂಪಕ್ಕೆ ಯಾರು ಬೇಕಾದರೂ ಬದಲಿಸಬಹುದು, ಪ್ರಕಾಶಕರ ಒಪ್ಪಿಗೆ ಬೇಕಿಲ್ಲ. ಸಂಸ್ಥೆ ಮಾಡಿಕೊಟ್ಟರೆ ಲಾಭ ಇಟ್ಟುಕೊಳ್ಳುವಂತಿಲ್ಲ, ತಯಾರಿಕೆಯ ಖರ್ಚು ಮಾತ್ರ ತೆಗೆದುಕೊಳ್ಳಬಹುದು. ಆ ಪ್ರತಿ ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು. ಕ್ಲಾಸಿನ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ಆ ರಕ್ಷಣೆ ಇರುವುದಿಲ್ಲ. ಅಂಧರ ಓದಿಗಾಗಿ ಆದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ನಮ್ಮದೇ.

ಸ್ಕ್ಯಾನರ್ ಹಿಡಿಯುವ ಮುಂಚೆ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ, ಮುದ್ರಿತ ಪುಸ್ತಕ ಓದಲಾಗದವರು ಸದಸ್ಯರಾಗಬಹುದು. ಬೇರೆಯವರು ಆಗಲೇ ಮಾಡಿಟ್ಟದ್ದನ್ನು ನೀವು ಮತ್ತೆ ಯಾಕೆ ಮಾಡಬೇಕು ಅಲ್ವಾ?

"ತಂಗಿಗೆ ಕಿವಿ ಕೇಳ್ಸಲ್ಲ. ಎಲ್ರೂ ಕುರುಡರ ಸಾಫ್ಟ್‌ವೇರೇ ಹೇಳ್ತಾರೆ. ಅವಳಿಗೇನಿದೆ?"

ದೂರು ನ್ಯಾಯವಾದದ್ದೇ. ನಾನೂ ಅದೇ ತಪ್ಪು ಮಾಡುತ್ತಿದ್ದೆ.

ಆಂಡ್ರಾಯ್ಡ್‌ನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದ ಮಾತನ್ನು ಕೂಡಲೇ ಅಕ್ಷರ ಮಾಡಿ ತೋರಿಸುತ್ತದೆ. ಹಿಂದಿನ ಬೆಂಚಿನಲ್ಲಿ ಕೂತರೆ ಪ್ರಯೋಜನವಿಲ್ಲ. ಮೇಷ್ಟ್ರ ಮೇಜಿನ ಮೇಲೆ ಒಂದು ಮೈಕ್, ಅಥವಾ ಅವರ ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ವೈರ್‌ಲೆಸ್ ಮೈಕ್ ಇದ್ದರೆ ಚೆನ್ನಾಗಿ ಬರುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಬಾರದು, ತುಟಿ ಕಾಣಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಮಾಡಿಸುವುದು ಬಲು ಕಷ್ಟ.

ತಂಗಿ ಸನ್ನೆ ಭಾಷೆಯಲ್ಲೇ ಬೆಳೆದವಳಾದರೆ ಅಕ್ಷರವೊಂದೇ ಸಾಲದು. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ. ಅವಳಿಗೆ ಕನ್ನಡ ಎರಡನೇ ಭಾಷೆ. ಆಗ ಸನ್ನೆ ಭಾಷೆಯ ದುಭಾಷಿ ಬೇಕು ಅಂತಲೇ ಅರ್ಜಿ ಕೊಡಿ. ದೆಹಲಿಯಲ್ಲಿರುವ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದವರು ದುಭಾಷಿಗಳಿಗೆ ತರಬೇತಿ ಕೊಡುತ್ತಾರೆ. ಬೇಕಾದಷ್ಟು ಜನ ಇಲ್ಲ, ಹಾಗಾಗಿ ಸೆಮಿಸ್ಟರ್ ಶುರುವಾಗುವ ಮುಂಚೆಯೇ ಕೇಳಬೇಕು. ಶ್ರವಣ ಪರೀಕ್ಷೆ, ಶ್ರವಣ ಸಾಧನ ಅಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

"ನನ್ನ ಬೆರಳಿಗೆ ಶಕ್ತಿ ಇಲ್ಲ. ಎರಡು ಕೀ ಒಟ್ಟಿಗೆ ಒತ್ತಕ್ಕಾಗಲ್ಲ."

ಶಿಫ್ಟ್ ಕೀಯನ್ನು ಐದು ಸಲ ಒತ್ತಿ ನೋಡಿ. ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಅನ್ನುವುದು ತೆರೆದುಕೊಳ್ಳುತ್ತದೆ. ಆಮೇಲೆ ಕಂಟ್ರೋಲ್ ಒತ್ತಿ ಬಿಟ್ಟು, ನಂತರ ಸಿ ಒತ್ತಿದರೂ ಕಾಪಿ ಆಗುತ್ತದೆ. ಉದ್ದ ಬರಹಕ್ಕೆ ಫೋನಿನ ಜಿಬೋರ್ಡ್ ಕೀಬೋರ್ಡಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಬಹುದು. ಅದು ಗ್ರಾಂಥಿಕ ಕನ್ನಡಕ್ಕಿಂತ ಮನೆಮಾತನ್ನು ಕಮ್ಮಿ ಹಿಡಿಯುತ್ತದೆ, ಕುಂದಾಪುರದ ಹುಡುಗನೊಬ್ಬ ಅದಕ್ಕಾಗಿಯೇ ವಾರ್ತೆ ಓದುವವರ ಥರ ಮಾತಾಡಲು ಕಲಿತ. ಮೇಜಿನ ಎತ್ತರವನ್ನೂ ನೋಡಿಸಿ. ಗಾಲಿಕುರ್ಚಿ ಒಳಗೆ ಹೋಗದ ಮೇಜಿನ ಮೇಲೆ ಎಂಥ ಕಂಪ್ಯೂಟರ್ ಇದ್ದೂ ಏನು ಬಂತು?

"ಎಕನಾಮಿಕ್ಸ್ ತಗೊಂಡಿದ್ದೀನಿ. ಗ್ರಾಫು, ಸೂತ್ರ ಎಲ್ಲ ಹೇಗೆ?"

ಸೂತ್ರವನ್ನು ಚಿತ್ರವಾಗಿ ಅಂಟಿಸಿದರೆ ಸ್ಕ್ರೀನ್ ರೀಡರ್ "ಗ್ರಾಫಿಕ್" ಅಂದು ಸುಮ್ಮನಾಗುತ್ತದೆ. ವರ್ಡ್‌ನ ಈಕ್ವೇಶನ್ ಸೌಲಭ್ಯದಲ್ಲೋ ಸೂತ್ರ ಬರೆಯುವ ಮ್ಯಾಥ್‌ಎಂಎಲ್ ರೂಪದಲ್ಲೋ ಇದ್ದರೆ, ಎನ್‌ವಿಡಿಎ ಜೊತೆ ಸೂತ್ರ ಓದುವ ಮ್ಯಾಥ್‌ಕ್ಯಾಟ್ ತಂತ್ರಾಂಶ ಇಟ್ಟುಕೊಂಡು ಭಾಗ ಭಾಗವಾಗಿ ಕೇಳಬಹುದು. ಓದುವುದು ಇಂಗ್ಲಿಷಿನಲ್ಲಿ ಅಂತ ಇಟ್ಟುಕೊಳ್ಳಿ.

ಗ್ರಾಫಿಗೆ ಬೆರಳೇ ಬೇಕು. ದೆಹಲಿ ಐಐಟಿಯವರು ಮುಟ್ಟಿ ನೋಡುವ ಉಬ್ಬು ಚಿತ್ರಗಳ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಅಷ್ಟೆಲ್ಲ ಇಲ್ಲ. ದಪ್ಪ ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ ಬೇಡಿಕೆ ರೇಖೆಗೆ ಸೆಣಬಿನ ದಾರ, ಪೂರೈಕೆ ರೇಖೆಗೆ ನುಣುಪು ನೂಲು ಅಂಟಿಸುತ್ತೇವೆ. ಎರಡೂ ಸೇರುವ ಜಾಗಕ್ಕೆ ಒಂದು ಬಿಂದಿ. ಒಂದು ಪ್ಯಾಕೆಟ್ ಬಿಂದಿಯಲ್ಲಿ ಇಡೀ ಸೆಮಿಸ್ಟರಿನ ಸಮತೋಲನ ಬಿಂದುಗಳು ಮುಗಿಯುತ್ತವೆ.

## ಪರೀಕ್ಷೆ

"ಲಿಪಿಕಾರರನ್ನ ಕರ್ಕೊಂಡು ಹೋಗೋದಾ, ನಾನೇ ಕಂಪ್ಯೂಟರಲ್ಲಿ ಬರೆಯೋದಾ?"

ಟೈಪಿಂಗ್ ಕೈಗೆ ಕೂತಿದ್ದರೆ ನೀವೇ ಬರೆಯಿರಿ. ಲಿಪಿಕಾರ, ಅಂದರೆ ನಾವು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಸಿಗದೆ ಹಿಂದಿನ ರಾತ್ರಿ ನಾಲ್ಕಾರು ಮನೆ ಬಾಗಿಲು ತಟ್ಟುವ ಪಾಡು ತಪ್ಪುತ್ತದೆ. ತಪ್ಪು ಬಂದರೂ ನಿಮ್ಮದೇ ತಪ್ಪು, ಅದರಲ್ಲೊಂದು ನೆಮ್ಮದಿ ಇದೆ.

2018ರ ಆಗಸ್ಟಿನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಂಪ್ಯೂಟರಿಗೆ ಅವಕಾಶವಿತ್ತು. ಸ್ವಂತ ಲ್ಯಾಪ್‌ಟಾಪ್ ತರುವಂತಿರಲಿಲ್ಲ. ಪರೀಕ್ಷೆ ಕೇಂದ್ರದ ಯಂತ್ರವನ್ನು ಒಂದು ದಿನ ಮುಂಚೆ ಹೋಗಿ ನೋಡಬಹುದು. ಇದನ್ನು ಬಿಡಲೇಬೇಡಿ. ನಾನು ಒಂದು ಕೇಂದ್ರದಲ್ಲಿ ಮುಂಚೆ ನೋಡದೆ ನೇರ ಹೋಗಿ ಕೂತೆ. ಯಂತ್ರ ಮಾತಾಡಲೇ ಇಲ್ಲ. ಸ್ಪೀಕರಿನ ಡ್ರೈವರ್ ಇರಲಿಲ್ಲ. ಅದನ್ನು ಹುಡುಕಿ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಮೇಲ್ವಿಚಾರಕರು ಒಳ್ಳೆಯವರು, ಎರಡು ಸಲ ಟೀ ತರಿಸಿದರು. ಸಮಯ ಮಾತ್ರ ಕೊಡಲಿಲ್ಲ.

ಲಿಪಿಕಾರರನ್ನು ನೀವೇ ಕರೆತರುವುದಾದರೆ ಅವರ ಓದು ನಿಮಗಿಂತ ಒಂದು ಮೆಟ್ಟಿಲು ಕಡಿಮೆ ಇರಬೇಕು ಅನ್ನುವುದು ಆ ಮಾರ್ಗಸೂಚಿಯ ನಿಯಮವಾಗಿತ್ತು. ಈ ನಿಯಮಗಳು ಆಗಾಗ ಪರಿಷ್ಕರಣೆ ಆಗುತ್ತಿರುತ್ತವೆ, ಈ ವರ್ಷದ ಸುತ್ತೋಲೆಯನ್ನು ಪರೀಕ್ಷಾ ವಿಭಾಗದಲ್ಲಿ ಕೇಳಿ ಪಡೆಯಿರಿ.

"ಹೆಚ್ಚುವರಿ ಸಮಯ ಎಷ್ಟು? ಸ್ಕ್ರೈಬ್ ತಗೊಂಡ್ರೆ ಮಾತ್ರಾನಾ?"

ಗಂಟೆಗೆ ಕನಿಷ್ಠ 20 ನಿಮಿಷ. 3 ಗಂಟೆಯ ಪರೀಕ್ಷೆಗೆ 1 ಗಂಟೆ. ಲಿಪಿಕಾರ ಇಲ್ಲದೆ ಬರೆದರೂ ಕೇಳಬಹುದು. ಒಂದು ಗಂಟೆಯ ಕಿರುಪರೀಕ್ಷೆಗೂ ಇದೇ ಲೆಕ್ಕದಲ್ಲಿ ಕೇಳಿ. "ಇಂಟರ್ನಲ್ಸ್‌ಗೆಲ್ಲ ಯಾಕಪ್ಪ" ಅನ್ನುತ್ತಾರೆ. ನಗುತ್ತಲೇ ಸುತ್ತೋಲೆ ತೋರಿಸಿ.

"ಶೇಕಡಾ 40 ಇಲ್ಲ ಅಂತ ಲಿಪಿಕಾರ ಕೊಡಲ್ಲ ಅಂದ್ರು. ಕೈ ನಿಜವಾಗ್ಲೂ ಬರಲ್ಲ."

ವಿಕಾಸ್ ಕುಮಾರ್ ಪ್ರಕರಣ ಅಂತ ಹೇಳಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರ ನಿರಾಕರಿಸಿದ್ದರು. ಶೇಕಡಾ 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಹೇಳಿತು. ಅದರ ಬೆನ್ನಿಗೆ 2022ರ ಆಗಸ್ಟಿನಲ್ಲಿ ಶೇಕಡಾ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗೆಂದೇ ಬೇರೆ ಮಾರ್ಗಸೂಚಿ ಬಂತು. ಸರ್ಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಬೇಕಾಗುತ್ತದೆ, ಪರೀಕ್ಷೆಗೆ ತಿಂಗಳ ಮುಂಚೆಯೇ ಓಡಾಡಿ.

## ಮೇಷ್ಟ್ರುಗಳು ಮತ್ತು ಕಚೇರಿಯವರು ಕೇಳುವುದು

"ನನ್ನ ಕ್ಲಾಸಿಗೆ ಕಣ್ಣು ಕಾಣದ ಹುಡುಗಿ ಬಂದಿದ್ದಾಳೆ. ನಾನು ಏನು ಬದಲಾಯಿಸಿಕೊಳ್ಳಲಿ?"

ಮೊದಲನೆಯದು, ನೋಟ್ಸ್ ಯೂನಿಕೋಡ್‌ನಲ್ಲಿರಲಿ. ಇಷ್ಟು ಮಾಡಿದರೆ ನನ್ನ ಅರ್ಧ ಕೆಲಸ ತಪ್ಪುತ್ತದೆ. ಎರಡನೆಯದು, ತಲೆಬರಹವನ್ನು ಬರೀ ದಪ್ಪ ಮಾಡಬೇಡಿ, ವರ್ಡ್‌ನ ಹೆಡಿಂಗ್ ಸ್ಟೈಲ್ ಕೊಡಿ. ದಪ್ಪ ಅಕ್ಷರ ಕಣ್ಣಿಗೆ ತಲೆಬರಹ, ಕಿವಿಗೆ ಬರೀ ಸಾಲು. ಸ್ಟೈಲ್ ಕೊಟ್ಟಿದ್ದರೆ 60 ಪುಟದ ಕಡತದಲ್ಲೂ ಬೇಕಾದ ಅಧ್ಯಾಯಕ್ಕೆ ಒಂದೇ ಕೀಲಿಯಲ್ಲಿ ಹೋಗಬಹುದು. ಚಿತ್ರ ಇದ್ದರೆ ಅದರಲ್ಲೇನಿದೆ ಅಂತ ಒಂದೆರಡು ಸಾಲು ಬರೆಯಿರಿ.

ಕ್ಲಾಸಿನಲ್ಲಿ "ಇಲ್ಲಿ ನೋಡಿ, ಇದು ಇಲ್ಲಿಗೆ ಹೋಗುತ್ತೆ" ಅನ್ನುವ ಬದಲು ಬರೆಯುತ್ತಿರುವುದನ್ನು ಬಾಯಲ್ಲೂ ಹೇಳಿ. ನನ್ನ ಮೇಷ್ಟ್ರೊಬ್ಬರು ಹಾಗೆ ಹೇಳಲು ಶುರುಮಾಡಿದ ಮೇಲೆ ಹಿಂದಿನ ಬೆಂಚಿನವರ ನೋಟ್ಸೂ ಚೆನ್ನಾಯಿತಂತೆ. "ನೋಡಿ" ಅನ್ನುವ ಪದಕ್ಕೆ ಹೆದರಬೇಡಿ, ನಾವೂ ಕ್ರಿಕೆಟ್ ನೋಡಿದೆ ಅಂತಲೇ ಅನ್ನುವುದು.

"ನಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ? ಕಂಪನಿಯವರು ಸರಿ ಇದೆ ಅಂತಾರೆ."

ಮೌಸ್ ಕಿತ್ತಿಡಿ. ಬರೀ ಟ್ಯಾಬ್ ಮತ್ತು ಎಂಟರ್ ಒತ್ತಿಕೊಂಡು ಪರೀಕ್ಷಾ ಶುಲ್ಕ ಕಟ್ಟಲು ಆಗುತ್ತದಾ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅಲ್ಲೇ ತಪ್ಪಿದೆ.

ಆಮೇಲೆ ಎನ್‌ವಿಡಿಎ ಹಾಕಿ ಕೇಳಿ. ಅರ್ಜಿಯ ಖಾನೆಗೆ ಬಂದಾಗ "ತಂದೆಯ ಹೆಸರು" ಅನ್ನಬೇಕು. ಬರೀ "ಎಡಿಟ್, ಬ್ಲ್ಯಾಂಕ್" ಅಂದರೆ ಅಲ್ಲಿ ತಂದೆಯ ಹೆಸರು ಹಾಕಬೇಕೋ ಪಿನ್‌ಕೋಡ್ ಹಾಕಬೇಕೋ ದೇವರಿಗೇ ಗೊತ್ತು. ಬಳಸುತ್ತಿರುವುದು ಮನುಷ್ಯರೇ ಅಂತ ಖಾತರಿ ಮಾಡಿಕೊಳ್ಳುವ ಚಿತ್ರದ ಕ್ಯಾಪ್ಚಾ ಇದ್ದರೆ ಕೇಳುವ ಕ್ಯಾಪ್ಚಾವೂ ಇರಬೇಕು. ತಪ್ಪಾದ ಖಾನೆಯನ್ನು ಕೆಂಪು ಬಣ್ಣದಲ್ಲಷ್ಟೇ ತೋರಿಸಿದರೆ ಬಣ್ಣ ಕಾಣದವರಿಗೆ ಗೊತ್ತಾಗುವುದಿಲ್ಲ. ಐದು ನಿಮಿಷಕ್ಕೆ ಲಾಗೌಟ್ ಆಗುವ ಪುಟ ನಿಧಾನಕ್ಕೆ ಟೈಪ್ ಮಾಡುವವರ ಪಾಲಿಗೆ ಹಾವು ಏಣಿ ಆಟ. ಕೊನೆಯದಾಗಿ ಸುತ್ತೋಲೆಗಳು: ಸಹಿ ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ಜೊತೆಗೆ ಟೈಪ್ ಮಾಡಿದ ಮೂಲವನ್ನೂ ಹಾಕಿ.

ಅಳತೆಗೋಲು ಬೇಕೆಂದರೆ ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕೆನ್ನುವ ಅಂತಾರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ ಇದೆ, ಭಾರತದ್ದೇ ಮಾನಕ ಐಎಸ್ 17802 ಇದೆ, ಯುಜಿಸಿ 2022ರಲ್ಲಿ ಹೊರತಂದ ಮಾರ್ಗಸೂಚಿ ಇದೆ. ಡಬ್ಲ್ಯೂಸಿಎಜಿಯ "ಎಎ" ಮಟ್ಟದಲ್ಲಿ ಸಾಮಾನ್ಯ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು. ತಿಳಿ ಬೂದಿ ಅಕ್ಷರದ ಚೆಂದದ ಪುಟಗಳು ಇಲ್ಲೇ ಸೋಲುವುದು.

"ಇದೆಲ್ಲ ಮಾಡಿದ್ರೆ ಒಳ್ಳೇದು ಅಷ್ಟೇನಾ, ಮಾಡಲೇಬೇಕಾ?"

ಮಾಡಲೇಬೇಕು. ಉನ್ನತ ಶಿಕ್ಷಣ ಸಂಸ್ಥೆಗಳು ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಡಿಸೇಬಲ್ಡ್ ರೈಟ್ಸ್ ಗ್ರೂಪ್ ಪ್ರಕರಣದಲ್ಲೇ ಹೇಳಿತ್ತು. 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪು ಇನ್ನೂ ಮುಂದೆ ಹೋಯಿತು. ಪ್ರವೇಶಸಾಧ್ಯತೆಯ ನಿಯಮಗಳು ಸಲಹೆಯ ಧಾಟಿಯಲ್ಲಿ ಇರುವುದು ಮೂಲ ಕಾಯ್ದೆಗೇ ವಿರುದ್ಧ, ಕಡ್ಡಾಯ ನಿಯಮ ಮಾಡಿ ಅಂದಿತು. 2025ರ ಏಪ್ರಿಲ್ 30ರಂದು ಪ್ರಗ್ಯಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನುವ ಬ್ಯಾಂಕಿನ ಕೆವೈಸಿ ಕುರಿತ ಪ್ರಕರಣ ಅದು. ಮುಖ ತೋರಿಸಿ ಹಾಜರಿ ಹಾಕುವ ಆ್ಯಪ್ ತರಲು ಹೊರಟಿರುವ ಕಾಲೇಜುಗಳು ಒಮ್ಮೆ ಓದಿಕೊಳ್ಳಲಿ.

ಖರೀದಿ ವಿಭಾಗದವರಿಗೆ ಒಂದು ಮಾತು. ಟೆಂಡರ್ ಕರೆಯುವಾಗಲೇ "ಸ್ಕ್ರೀನ್ ರೀಡರ್ ಬಳಸುವ ವಿದ್ಯಾರ್ಥಿಯಿಂದ ಪರೀಕ್ಷಿಸಿ ಒಪ್ಪಿದ ಮೇಲೆ ಕೊನೆಯ ಕಂತು" ಅಂತ ಒಂದು ಷರತ್ತು ಬರೆಯಿರಿ. ಕೊಂಡ ಮೇಲೆ ತೇಪೆ ಹಾಕುವುದಕ್ಕೆ ದುಡ್ಡೂ ಜಾಸ್ತಿ, ಜಗಳವೂ ಜಾಸ್ತಿ.

"ಎರಡು ಸಲ ಅರ್ಜಿ ಕೊಟ್ಟೆ, ಏನೂ ಆಗ್ಲಿಲ್ಲ. ಇನ್ನು ಎಲ್ಲಿಗೆ ಹೋಗಲಿ?"

ಸೀಲು ಹಾಕಿದ ಪ್ರತಿ ಇದೆಯಲ್ಲ, ಅದನ್ನು ಹೊರತೆಗೆಯಿರಿ. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳು 2016ರ ಕಾಯ್ದೆಯ 23ನೇ ಕಲಮಿನಂತೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರು ದೂರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಎರಡು ವಾರದೊಳಗೆ ವಿಚಾರಿಸಬೇಕು. ಅಲ್ಲೂ ಸಮಾಧಾನ ಸಿಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿ ಇದೆ. ಅಲ್ಲಿ ಅರ್ಜಿ ಕೊಡಲು ವಕೀಲರೇ ಬೇಕು ಅಂತಿಲ್ಲ.

ದೂರಿನಲ್ಲಿ ಬೈಗುಳ ಬೇಡ. ಯಾವ ದಿನ ಏನು ಕೇಳಿದಿರಿ, ಯಾವ ದಿನ ಏನು ಸಿಗಲಿಲ್ಲ, ಅದರಿಂದ ಯಾವ ಪರೀಕ್ಷೆಗೆ ಏನು ತೊಂದರೆಯಾಯಿತು, ಇಷ್ಟು ಸಾಕು. ಒಂದು ಪುಟ ದಾಟದಿರಲಿ.

"ನೀವು ಮಾಡಿಟ್ಟಿರೋ ನೋಟ್ಸ್ ನಮಗೂ ಸಿಗತ್ತಾ?"

ಓದಲಾಗದ ಕಾರಣಕ್ಕೆ ಕೇಳುತ್ತಿದ್ದರೆ ಸಿಗುತ್ತದೆ. ನಿಮ್ಮ ವಿಭಾಗದಿಂದ ಒಂದು ಚೀಟಿ ತನ್ನಿ, ಪೆನ್‌ಡ್ರೈವ್ ತನ್ನಿ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಬನ್ನಿ, ಬೆಳಿಗ್ಗೆಯೆಲ್ಲ ಸ್ಕ್ಯಾನರಿನ ಸದ್ದಿಗೆ ಬಾಗಿಲು ತಟ್ಟಿದ್ದು ಕೇಳಿಸುವುದಿಲ್ಲ.